ಎರಡು ತೂತು, ಒಂದು ಸೀಳು

ಫೆಬ್ರವರಿ ೧೧, ಮಂಗಳವಾರ

ಇವತ್ತು ಮತ್ತೆ ಬಲಗಾಲು ಹೊರಳಿತು. ಈ ಸಲ ಬೀದಿಯಲ್ಲಲ್ಲ, ಬಸ್ಸಿನಿಂದ ಇಳಿಯುವಾಗಲೂ ಅಲ್ಲ. ಸ್ಟುಡಿಯೋದ ಒಳಗೆ, ಜಲ್ಲಿ ತುಂಬಿದ ಪೆಟ್ಟಿಗೆಯಲ್ಲಿ, ಮೈಕಿನ ಎದುರಿಗೇ. ಕಾಲಲ್ಲಿ ಸಿನಿಮಾದ ಹುಡುಗಿಯ ಚಪ್ಪಲಿ, ಕಣ್ಣು ಪರದೆಯ ಮೇಲೆ ಅವಳ ಪಾದದಲ್ಲಿ. ಅವಳು ಅಲ್ಲಿ ಕಾಲುದಾರಿ ದಾಟುತ್ತಿದ್ದಳು. ನಾನು ಇಲ್ಲಿ ನಿಂತಲ್ಲೇ ಹೆಜ್ಜೆ ಹಾಕಿ ಅವಳಿಗೆ ಸದ್ದು ಕೊಡುತ್ತಿದ್ದೆ. ಅವಳು ದಾಟಿದಳು. ನಾನು ಬಿದ್ದೆ.

ಗಾಜಿನ ಆಚೆಯಿಂದ ರಾಯರು ಓಡಿ ಬಂದರು. ಸದ್ದುಗಳನ್ನೆಲ್ಲ ಕೂಡಿಸಿ ಹದಮಾಡುವ ಈ ಮನುಷ್ಯನಿಗೆ ಸ್ಟುಡಿಯೋದವರು ಕಿವಿರಾಯ ಎಂದು ಹೆಸರಿಟ್ಟು ಎಷ್ಟೋ ವರ್ಷವಾಯಿತು. ನನಗೆ ಮಾತ್ರ ಅವರು ರಾಯರು.

"ಅಕ್ಕ, ಮೂಳೆ ಗೀಳೆ ಮುರೀತಾ?"

"ಇಲ್ಲ, ಉಳುಕಿದೆ ಅಷ್ಟೆ."

"ಅಷ್ಟೇನಾ? ಹಾಗಾದ್ರೆ ಒಂದು ಕೇಳ್ತೀನಿ, ಬೈಬೇಡಿ. ಬಿದ್ದ ಸದ್ದು ಭಾರೀ ಚೆನ್ನಾಗಿ ಬಂದಿದೆ. ಇಟ್ಕೊಳ್ಳಲಾ?"

ಇಟ್ಟುಕೊಳ್ಳಿ ಎಂದೆ. ಯಾರಾದರೂ ಬೀಳುತ್ತಲೇ ಇರುತ್ತಾರೆ, ಉಪಯೋಗಕ್ಕೆ ಬರುತ್ತದೆ.

ಮನೆಗೆ ಬರುವ ದಾರಿಯೇ ಕಷ್ಟವಾಯಿತು. ಸ್ಟುಡಿಯೋದ ಮುಂದಿನ ಬೀದಿಯನ್ನು ನೀರಿನ ಪೈಪಿಗೆಂದು ಅಗೆದುಹಾಕಿದ್ದಾರೆ. ಅಲುಗಾಡುವ ಹಲಗೆ, ಸಡಿಲ ಮಣ್ಣು, ಒಡೆದ ಸಿಮೆಂಟು. ಆಮೇಲೆ ಔಷಧದಂಗಡಿಯ ಮುಂದೆ ಜಾರುವ ಟೈಲ್ಸು, ತಿರುವಿನಲ್ಲಿ ತೇಪೆ ಹಾಕಿದ ಡಾಂಬರು, ನಮ್ಮ ಗೇಟಿನ ಬಳಿ ಒಂದು ಅಂಚು ಎದ್ದು ನಿಂತ ಚಪ್ಪಡಿ. ಈ ಊರಿನ ನೆಲ ನನಗೆ ಬಾಯಿಪಾಠ. ಔಷಧದಂಗಡಿಯವರ ಮುಖ ಹೇಗಿದೆ ಎಂದು ಕೇಳಿದರೆ ಹೇಳಲಾರೆ. ವೃತ್ತಿಯಿಂದ ಬಂದ ಅಭ್ಯಾಸ ಇದು.

ಫೆಬ್ರವರಿ ೧೪, ಶುಕ್ರವಾರ

ಕಾಲಿಗೆ ಪಟ್ಟಿ ಬಿಗಿದುಕೊಂಡು ಸ್ಟುಡಿಯೋಕ್ಕೆ ಹೋಗಿದ್ದೆ. ನಿರ್ದೇಶಕಿ ಬಂದಿದ್ದಳು; ಮೂವತ್ತು ತುಂಬಿರಲಿಕ್ಕಿಲ್ಲ. ಅವಳ ಸಿನಿಮಾದಲ್ಲಿ ಮಾತು ಕಡಿಮೆ. ಮನೆಯಿಂದ ಹೊರಗೆ ಹೋಗಲು ಅಂಜುವ ಹುಡುಗಿ ಸ್ವಲ್ಪ ಸ್ವಲ್ಪವೇ ದೂರ ಹೋಗಿ ಬರುತ್ತ, ಕೊನೆಗೆ ಮೆಟ್ಟಿಲು ಇಳಿದು ಬೀದಿಗೆ ಓಡುತ್ತಾಳೆ. ಅಷ್ಟೇ ಕಥೆ. ಎಲ್ಲವೂ ಹೆಜ್ಜೆಯಲ್ಲೇ ಕೇಳಬೇಕು.

ಕೊನೆಯ ಓಟವನ್ನು ಅವಳು ಮೂರು ಸಲ ಹಾಕಿಸಿಕೊಂಡು ಕೇಳಿದಳು.

"ಮೇಡಂ, ತಪ್ಪು ತಿಳ್ಕೋಬೇಡಿ. ಮೊದಲಿನ ದೃಶ್ಯಗಳು ತುಂಬ ಸರಿಯಾಗಿವೆ. ಆದ್ರೆ ಇಲ್ಲಿ ಅವಳಿಗೆ ಹೆದರಿಕೆ ಹೋಗಿದೆ. ನಿಮ್ಮ ಹೆಜ್ಜೆಗೆ ಅದು ಇನ್ನೂ ಗೊತ್ತಾಗಿಲ್ಲ."

ಅವಳು ಹೋದ ಮೇಲೆ ರಾಯರು ಹಳೆಯ ಕೆಲಸಗಳನ್ನು ಒಂದೊಂದಾಗಿ ಹಾಕಿದರು. ಆಸ್ಪತ್ರೆಯ ನರ್ಸು. ಪೊಲೀಸು ಹೆಂಗಸು. ಮದುಮಗಳು. ಎಲ್ಲರೂ ನಾನೇ. ಎಲ್ಲರೂ ಬಲಗಾಲನ್ನು ಮುಟ್ಟಿಸಿ ಮುಟ್ಟಿಸದ ಹಾಗೆ ಎತ್ತಿ, ಎಡಗಾಲಿನ ಮೇಲೆ ಒಂದು ಚೂರು ಹೆಚ್ಚು ನಿಲ್ಲುತ್ತಿದ್ದರು. ಮೂರು ಮಾತ್ರೆ, ನಾಲ್ಕು ಮಾತ್ರೆ, ಮೂರು, ನಾಲ್ಕು. ಎಂ.ಎ. ಓದುವಾಗ ಪ್ರಸ್ತಾರ ಹಾಕಿ ಹಾಕಿ ಬೆರಳು ಸವೆಸಿದ ಭಾಮಿನಿ ಷಟ್ಪದಿಯಲ್ಲಿ ನನ್ನ ನಾಯಕಿಯರೆಲ್ಲ ನಡೆಯುತ್ತಿದ್ದಾರೆ. ಕಾವ್ಯದಲ್ಲಿ ಅದು ಎಷ್ಟು ಚೆಂದ. ಪೊಲೀಸಿನವಳಿಗೆ ಏಕೆ ಬೇಕಿತ್ತು?

"ನಿಮಗೆ ಇದು ಯಾವಾಗಿಂದ ಗೊತ್ತು, ರಾಯರೇ?"

"ತುಂಬ ದಿನದಿಂದ ಗೊತ್ತು ಅಕ್ಕ."

"ಮತ್ತೆ ಹೇಳಬಾರದಿತ್ತಾ?"

"ಹೇಳೋದೇನು? ಅಲ್ಲಲ್ಲಿ ಕತ್ತರಿಸಿ ಜರುಗಿಸಿ ಸರಿ ಮಾಡ್ತಿದ್ದೆ. ಓಟ ಮಾತ್ರ ಕತ್ತರಿಗೆ ಸಿಗಲ್ಲ."

ನಾನೊಬ್ಬಳೇ ನಡೆಯುತ್ತಿದ್ದೇನೆ ಅಂದುಕೊಂಡಿದ್ದೆ. ಗಾಜಿನ ಆಚೆ ಒಬ್ಬರು ಇಷ್ಟು ವರ್ಷ ಕೈಹಿಡಿದು ನಡೆಸುತ್ತಿದ್ದರು. ಅವಮಾನವಾಯಿತೋ ಇನ್ನೇನಾಯಿತೋ ತಿಳಿಯಲಿಲ್ಲ.

ಫೆಬ್ರವರಿ ೨೦, ಗುರುವಾರ

ಡಾಕ್ಟರಮ್ಮನ ಕೋಣೆ ಚಿಕ್ಕದು. ನೆಲಕ್ಕೆ ಹಸಿರು ರಬ್ಬರು ಹಾಸು, ಮೂಲೆಯಲ್ಲಿ ಉಬ್ಬಿದೆ.

"ಕೆಲಸ ಏನು ಮಾಡ್ತೀರಿ?"

"ನಡೀತೀನಿ."

"ಎಲ್ಲಿಗೆ?"

"ಎಲ್ಲಿಗೂ ಇಲ್ಲ. ನಿಂತಲ್ಲೇ."

ವಿವರಿಸಿದೆ. ಅವರು ನಕ್ಕು, "ಹಾಗಾದ್ರೆ ಆ ಸಿನಿಮಾಗಳಲ್ಲಿ ನಡೆಯೋದು ನಟಿಯರಲ್ಲ, ನೀವು!" ಎಂದು ಪಾದವನ್ನು ಎರಡೂ ಕೈಯಲ್ಲಿ ಹಿಡಿದು ಹಿಮ್ಮಡಿಯನ್ನು ಮುಂದಕ್ಕೆ ಎಳೆದರು. ಕೀಲಿನೊಳಗೆ ಏನೋ ಸರಕ್ಕನೆ ಜರುಗಿತು. ಹಳೆಯ ಬೀರುವಿನ ಸೆಳೆಖಾನೆ ತನ್ನಷ್ಟಕ್ಕೆ ಮುಂದೆ ಬಂದ ಹಾಗೆ. ಆಮೇಲೆ ನನ್ನ ಕೈಯ ಹೆಬ್ಬೆರಳನ್ನು ಮಣಿಕಟ್ಟಿನ ಕಡೆಗೆ ಬಗ್ಗಿಸಿದರು. ಅದು ಸಲೀಸಾಗಿ ಮುಂಗೈ ಮುಟ್ಟಿತು.

"ನಿಮ್ಮ ಮೈಕಟ್ಟೇ ಸ್ವಲ್ಪ ಸಡಿಲ."

"ಮನಸ್ಸು ಬಿಗಿ ಅಂತ ಅಮ್ಮ ಬೈತಿರ್ತಾರೆ. ಎಲ್ಲೋ ಒಂದು ಕಡೆ ಸಮ ಆಗಬೇಕಲ್ಲ."

ಮತ್ತೆ ಮತ್ತೆ ಉಳುಕಿ ಹೊರಬದಿಯ ಲಿಗಮೆಂಟು ಜೋಲುಬಿದ್ದಿದೆ, ವ್ಯಾಯಾಮ ಮಾಡಿ ನೋಡಿದ್ದೂ ಆಯಿತು, ಇನ್ನು ಆಪರೇಷನ್ನೇ ಎಂದರು. ಅದನ್ನು ಎರಡು ಥರ ಮಾಡಬಹುದಂತೆ.

"ಒಂದು ತೂತಿನದು. ಸಣ್ಣ ತೂತುಗಳಲ್ಲಿ ಕ್ಯಾಮೆರಾ, ಸಲಕರಣೆ ಬಿಟ್ಟು ಒಳಗಿಂದಲೇ ಲಿಗಮೆಂಟನ್ನ ಎಳೆದು ಮೂಳೆಗೆ ಕಟ್ಟೋದು. ಇನ್ನೊಂದು ಹಳೇ ಪದ್ಧತಿ. ಗಿಣ್ಣಿನ ಪಕ್ಕ ಸೀಳಿ, ಕಣ್ಣಾರೆ ನೋಡಿ ಬಿಗಿದು, ಮೇಲೆ ಪಕ್ಕದ ಅಂಗಾಂಶದ ಪಟ್ಟಿಯನ್ನೂ ಎಳೆದು ಒತ್ತಾಸೆಗೆ ಹೊಲಿಯೋದು."

"ಯಾವುದು ಒಳ್ಳೇದು?"

"ಮೊದಲ ವಾರಗಳಲ್ಲಿ ತೂತಿನದು. ನೋವು ಕಡಿಮೆ, ಕಾಲೂರೋದು ಬೇಗ. ಒಂದೆರಡು ವರ್ಷ ಬಿಟ್ಟು ನೋಡಿದ್ರೆ ಎರಡೂ ಹೆಚ್ಚುಕಡಿಮೆ ಒಂದೇ."

"ಹಾಗಾದ್ರೆ ನನಗೆ ತೂತು."

"ತಡೀರಿ, ತರಕಾರಿ ಅಲ್ಲ ಇದು. ತೂತಿನ ದಾರಿಯಲ್ಲಿ ಒಂದು ನರ ಇದೆ, ಅದಕ್ಕೆ ತಾಗಿದ್ರೆ ಪಾದದ ಮೇಲೆ ಜೋಮು. ಸೀಳಿದ್ರೂ ಅಪಾಯ ಇಲ್ಲ ಅಂತಲ್ಲ. ಗಾಯ ದೊಡ್ಡದು, ಮಾಯೋದು ನಿಧಾನ. ಎಲ್ಲಕ್ಕಿಂತ ಮುಖ್ಯ, ನಿಮ್ಮ ಲಿಗಮೆಂಟಿನಲ್ಲಿ ದಾರ ಹಿಡಿಯೋಷ್ಟು ಜೀವ ಇದೆಯಾ ಅನ್ನೋದು. ಸ್ಕ್ಯಾನ್ ನೋಡಿದ್ರೆ ನನಗೆ ಅನುಮಾನ."

ಅನುಮಾನ ಅವರಿಗೆ. ನನಗಿಲ್ಲ. ಓಟಕ್ಕಾಗಿ ಮೇ ಕೊನೆಯವರೆಗೆ ಕಾಯುತ್ತೇನೆ ಎಂದಿದ್ದಾಳೆ ನಿರ್ದೇಶಕಿ. ತೂತಾದರೆ ಅಷ್ಟರಲ್ಲಿ ಓಡಬಹುದೇನೋ. ಸೀಳಾದರೆ ಓಟ ಬೇರೆಯವರ ಪಾಲು.

ಫೆಬ್ರವರಿ ೨೨, ಶನಿವಾರ

ಮನೆಯಲ್ಲಿರುವುದು ನಾವಿಬ್ಬರೇ, ಅಮ್ಮ ಮತ್ತು ನಾನು. ಹೇಳದೆ ವಿಧಿಯಿರಲಿಲ್ಲ. ಎಂಬತ್ತು ದಾಟಿದ ಅಮ್ಮ ವಾಕರ್ ಹಿಡಿದು ನಿಂತೇ ಪೂರ್ತಿ ಕೇಳಿದಳು.

"ಇಷ್ಟು ವರ್ಷ ಕುಂಟಿದ್ದು ಯಾಕೆ ಹೇಳಲಿಲ್ಲ?"

"ಕುಂಟ್ತಿರಲಿಲ್ಲಮ್ಮ."

"ನಂಗೇ ಹೇಳ್ತೀಯಾ? ನೀನು ಒಂಬತ್ತು ತಿಂಗಳಿಗೇ ನಡೆದವಳು ಕಣೇ. ತಲೆ ಎತ್ಕೊಂಡು ನಡೆದು ಹೋಗಿ ಬಾಗಿಲಿಗೆ ಹಣೆ ಚಚ್ಕೊಂಡೆ. ಈಗ ನೋಡು, ಕಾಸು ಕಳ್ಕೊಂಡೋರ ಥರ ನಡೀತೀಯ."

ಆಸ್ಪತ್ರೆಯಿಂದ ಬಂದ ಮೇಲೆ ನನ್ನನ್ನು ಯಾರು ನೋಡಿಕೊಳ್ಳುವುದು ಎಂದರೆ, "ನಾನಿಲ್ವಾ?" ಎಂದಳು. ಅವಳಿಗೆ ಲೋಟ ಎತ್ತಿದರೆ ಕೈ ನಡುಗುತ್ತದೆ. ನಗು ಬಂತು. ಅವಳಿಗೆ ಬರಲಿಲ್ಲ.

ಮಾರ್ಚ್ ೧೦, ಸೋಮವಾರ

ನಾಳೆ ಬೆಳಗ್ಗೆ ಆಪರೇಷನ್. ಕಿಟಕಿಯ ಪಕ್ಕದ ಮಂಚ ಸಿಕ್ಕಿದೆ. ಹಾಸಿಗೆಯ ಮೇಲೆ ಕಾವ್ಯದ ಪುಸ್ತಕ ಬಿಚ್ಚಿಟ್ಟು ಒಂದೇ ಪುಟವನ್ನು ನೋಡುತ್ತ ಕೂತಿದ್ದೆ.

ಡಾಕ್ಟರಮ್ಮ ನೀಲಿ ಪೆನ್ನು ಹಿಡಿದು ಬಂದರು. ಪಾದವನ್ನು ಕೆಳಗೂ ಒಳಗೂ ಬಾಗಿಸಿ, ನಾಲ್ಕನೆಯ ಬೆರಳನ್ನು ಮೆಲ್ಲಗೆ ಮಡಚಿದರು. ಚರ್ಮದಡಿಯಲ್ಲಿ ಒಂದು ತೆಳು ಎಳೆ ಎದ್ದು ಕಂಡಿತು, ವೀಣೆಯ ತಂತಿಯ ಹಾಗೆ.

"ಇದೇ ಆ ನರ. ಎಲ್ಲರಲ್ಲೂ ಇಷ್ಟು ಚೆನ್ನಾಗಿ ಕಾಣಲ್ಲ. ನೀವು ಪುಣ್ಯವಂತರು." ಅದರ ಗುಂಟ ಗೆರೆ ಎಳೆದರು. ಈ ಗೆರೆಯನ್ನು ತಪ್ಪಿಸಿ ತೂತು ಹಾಕುತ್ತಾರಂತೆ.

ಪಾದ ಜೋಮು ಹಿಡಿದರೆ ಬರಿಗಾಲಿನ ದೃಶ್ಯಗಳನ್ನು ನಾನು ಮಾಡಲಾರೆ, ಮರಳೂ ಮರವೂ ಒಂದೇ ಆಗುತ್ತದೆ ಎಂದೆ. ಗಾಯದ ಕಲೆ ಎಷ್ಟು ಉದ್ದವಾದರೂ ಅಡ್ಡಿಯಿಲ್ಲ, ಅದಕ್ಕೆ ಸದ್ದಿಲ್ಲ.

ಆಗ ಅವರು ಕುರ್ಚಿ ಎಳೆದುಕೊಂಡು ಕೂತರು. ನಿಂತು ಮಾತಾಡುವ ಡಾಕ್ಟರು ಕೂತರೆ ಹೆದರಿಕೆ.

"ನೋಡಿ, ಮೊದಲು ದುರ್ಬೀನು ಬಿಟ್ಟು ಒಳಗೆ ನೋಡ್ತೀನಿ. ಲಿಗಮೆಂಟು ಚೆನ್ನಾಗಿದ್ರೆ ತೂತಿನಲ್ಲೇ ಮುಗಿಸ್ತೀನಿ. ಇಲ್ದಿದ್ರೆ ಸೀಳಲೇಬೇಕು. ಆಗ ನೀವು ನಿದ್ದೆಯಲ್ಲಿರ್ತೀರಿ, ಕೇಳಕ್ಕಾಗಲ್ಲ. ಈಗಲೇ ಹೇಳಿ. ನನ್ನ ಕಣ್ಣಿಗೆ ಬಿಡ್ತೀರಾ, ಅಥವಾ ತೂತು ಬಿಟ್ರೆ ಬೇರೆ ಬೇಡ ಅಂತೀರಾ?"

ಹೆಜ್ಜೆಯಿಡುವ ಮುಂಚೆ ನೆಲ ನೋಡಿಕೊಳ್ಳುವವಳು ನಾನು. ನೋಡಲಾಗದ ಕಡೆ ಕಾಲಿಟ್ಟವಳಲ್ಲ. ರಾಯರ ಕತ್ತರಿ ಏಕೋ ನೆನಪಾಯಿತು.

"ನಿಮ್ಮ ಕಣ್ಣಿಗೇ ಬಿಟ್ಟೆ" ಎಂದೆ.

ಮಾರ್ಚ್ ೧೧

ಎಚ್ಚರವಾಯಿತು. ಯಾವುದು ಎಂದು ಕೇಳಿದೆ.

ಸೀಳು.

ಮಾರ್ಚ್ ೧೩, ಗುರುವಾರ

ನಿನ್ನೆಯೆಲ್ಲ ಗೋಡೆಗೆ ಮುಖ ಮಾಡಿ ಮಲಗಿದ್ದೆ. ಇವತ್ತು ಡಾಕ್ಟರಮ್ಮ ಬಂದು ನಡೆದದ್ದನ್ನು ಹೇಳಿದರು. ಲಿಗಮೆಂಟು ತೊಟ್ಟು ತೊಟ್ಟು ಪಿಸಿದ ಅಂಗಿಯ ಕೊರಳಪಟ್ಟಿಯಂತೆ ಆಗಿತ್ತಂತೆ. ದಾರ ಹಾಕಿದರೆ ಹರಿದು ಬರುತ್ತಿತ್ತಂತೆ. ದುರ್ಬೀನಿನಲ್ಲಿ ಕೀಲಿನೊಳಗೆ ಒಂದು ಸಡಿಲ ಚೂರು ಕಂಡಿತು, ಅದನ್ನು ತೂತಿನಿಂದಲೇ ತೆಗೆದರು. ಆಮೇಲೆ ಸೀಳಿ ಕಟ್ಟಿದರು. ಹಾಗಾಗಿ ನನಗೆ ಎರಡೂ ಆಗಿವೆ: ಎರಡು ತೂತು, ಒಂದು ಸೀಳು.

"ಬೇಜಾರಾ?" ಎಂದರು.

"ಹೌದು."

"ತೂತಿನಲ್ಲೇ ಮುಗಿಸಿದ್ರೆ ಇವತ್ತು ಖುಷಿಯಾಗಿರ್ತಿದ್ರಿ. ಮುಂದಿನ ವರ್ಷ ಬಂದು ನನ್ನ ಜುಟ್ಟು ಹಿಡೀತಿದ್ರಿ."

ಬೆರಳ ಬುಡದಲ್ಲಿ ಪೆನ್ನಿನ ತುದಿ ತಾಗಿಸಿ ಗೊತ್ತಾಗುತ್ತದೆಯೇ ಎಂದು ಕೇಳಿದರು. ಎಲ್ಲ ಕಡೆ ಗೊತ್ತಾಯಿತು.

ನಿರ್ದೇಶಕಿಗೆ ಫೋನು ಮಾಡಿ, ಮೇ ಆಗುವುದಿಲ್ಲ, ಬೇರೆಯವರನ್ನು ನೋಡಿಕೋ ಎಂದೆ. ಅವಳು "ಮೊದಲು ರೆಸ್ಟ್ ತಗೊಳ್ಳಿ ಮೇಡಂ" ಎಂದಳು. ಅದು ಹೂಂ ಅಲ್ಲ, ಉಹೂಂ ಅಲ್ಲ.

ಮಾರ್ಚ್ ೨೭, ಗುರುವಾರ

ಕಾಲು ದಿಂಬಿನ ಮೇಲೆ. ನೆಲ ಮುಟ್ಟುವಂತಿಲ್ಲ. ಓಡಾಡಬೇಕೆಂದರೆ ಊರುಗೋಲು. ಹಜಾರದ ಇಕ್ಕಟ್ಟಿನಲ್ಲಿ ಅಮ್ಮ ವಾಕರಿನೊಂದಿಗೆ ಎದುರಾದಳು.

"ಸರಿ ಆಚೆ, ನಾನು ಮೊದಲು ಬಂದಿದ್ದು."

"ಅಮ್ಮ, ನಂಗೆ ಅರ್ಜೆಂಟು."

"ಎಲ್ರಿಗೂ ಅರ್ಜೆಂಟೇ. ಹಿಂದೆ ತಗೋ ಗಾಡಿ."

ಹಿಂದೆ ತೆಗೆದುಕೊಂಡೆ. ಇಬ್ಬರೂ ನಕ್ಕು ನಕ್ಕು ಗೋಡೆ ಹಿಡಿದು ನಿಂತೆವು. ಅಮ್ಮನೇ ಚಹಾ ತರುತ್ತೇನೆಂದು ಹಟ ಹಿಡಿದು, ವಾಕರಿಗೆ ಬಟ್ಟೆಯ ಚೀಲ ಕಟ್ಟಿ, ಅದರಲ್ಲಿ ಫ್ಲಾಸ್ಕು ಇಟ್ಟು ತಂದಳು. ಒಂದು ತೊಟ್ಟೂ ಚೆಲ್ಲಲಿಲ್ಲ.

ಮಲಗಿದಲ್ಲಿಂದ ನೆಲ ಕಾಣುವುದಿಲ್ಲ. ಎದುರು ಮನೆಯ ಬಾಲ್ಕನಿ ಕಾಣುತ್ತದೆ. ಅಲ್ಲೊಬ್ಬ ಹೆಂಗಸು ಬೆಳಗ್ಗೆ ಕುಂಡಗಳಿಗೆ ನೀರು ಹಾಕುತ್ತ ಗಿಡಗಳನ್ನು ಬೈಯುತ್ತಾಳೆ. ಒಂದು ಗಿಡವನ್ನು ಮಾತ್ರ ಬೈಯುವುದಿಲ್ಲ. ಅದು ಯಾವುದೆಂದು ಎಲೆ ನೋಡಿ ಗುರುತಿಸಲು ನೋಡುತ್ತಿದ್ದೇನೆ. ಅವಳು ಅಲ್ಲಿಗೆ ಬಂದು ಎಷ್ಟು ವರ್ಷವಾಯಿತು ಎಂದು ಅಮ್ಮನನ್ನು ಕೇಳಿದರೆ, "ನಮಗಿಂತ ಮುಂಚಿಂದ ಇದ್ದಾಳೆ ಕಣೇ" ಎಂದಳು.

ಏಪ್ರಿಲ್ ೨೪, ಗುರುವಾರ

ವ್ಯಾಯಾಮ ಮಾಡಿಸುವ ಹುಡುಗಿಗೆ ನಾನಿಟ್ಟ ಹೆಸರು ಹೆಡ್‌ಮಿಸ್ಸು. ಜುಟ್ಟು ಬಿಗಿ, ಮಾತು ಇನ್ನೂ ಬಿಗಿ.

"ಒಂಟಿ ಕಾಲಲ್ಲಿ ನಿಲ್ಲಿ. ಕೆಳಗೇನು ನೋಡ್ತಿದ್ದೀರಿ? ಏನಾದ್ರೂ ಬಿದ್ದಿದೆಯಾ?"

"ಇಲ್ಲ."

"ಮತ್ತೆ? ಗೋಡೆ ಗಡಿಯಾರ ನೋಡಿ."

"ನೆಲ ನೋಡದೆ ಕಾಲಿಗೆ ಹೇಗೆ ಗೊತ್ತಾಗತ್ತೆ?"

"ಅದಕ್ಕೇ ಕಾಲಿರೋದು. ಕಣ್ಣಿನ ಕೆಲಸ ಕಣ್ಣಿಗೆ, ಕಾಲಿನ ಕೆಲಸ ಕಾಲಿಗೆ."

ಗಡಿಯಾರ ನೋಡಿದೆ. ತೂರಾಡಿದೆ. ಬೈಸಿಕೊಂಡೆ. ಇನ್ನೊಮ್ಮೆ.

ಸಂಜೆ ರಾಯರು ಮನೆಗೆ ಬಂದರು. ಓಟವನ್ನು ತಾವೇ ಮಾಡಿ ನೋಡಿದರಂತೆ, ಸಿನಿಮಾದ ಹುಡುಗಿಯ ಚಪ್ಪಲಿಗೆ ಅರ್ಧ ಪಾದ ತುರುಕಿ. ಫೋನಿನಲ್ಲಿ ಕೇಳಿಸಿದರು. ಮೆಟ್ಟಿಲಿನ ಮೇಲೆ ಬೀರು ಉರುಳಿದಂತಿತ್ತು.

ಅಮ್ಮ ಕೇಳಿದಳು: "ಇದು ಹುಡುಗೀನಾ?"

"ಹೌದಮ್ಮ, ಇಪ್ಪತ್ತು ವರ್ಷ."

"ಅವಳ ಹೊಟ್ಟೆಗೆ ಏನು ಹಾಕ್ತಾರೆ?"

ನಿರ್ದೇಶಕಿಯೂ ಕೇಳಿ ಕಣ್ಣೀರು ಬರುವಷ್ಟು ನಕ್ಕಳಂತೆ. ಸಂಗೀತದವರು ಇನ್ನೂ ಕೆಲಸ ಒಪ್ಪಿಸಿಲ್ಲವಂತೆ. ಜುಲೈ ಮೊದಲ ವಾರದವರೆಗೆ ಕಾಯಬಲ್ಲೆ, ಅದಕ್ಕಿಂತ ಒಂದು ದಿನವೂ ಆಗದು ಎಂದಿದ್ದಾಳಂತೆ.

ಜುಲೈ. ಗಡಿಯಾರ ನೋಡಬೇಕು.

ಮೇ ೩೦, ಶುಕ್ರವಾರ

ಹೊಟ್ಟೆಕಿಚ್ಚಿನ ದಿನ. ನನ್ನದೇ ವಾರದಲ್ಲಿ, ಇದೇ ಡಾಕ್ಟರಮ್ಮನ ಕೈಯಲ್ಲಿ ತೂತಿನದು ಮಾಡಿಸಿಕೊಂಡ ಬ್ಯಾಡ್ಮಿಂಟನ್ ಕೋಚು ಟ್ರೆಡ್‌ಮಿಲ್ಲಿನ ಮೇಲೆ ಹಗುರಾಗಿ ಓಡುತ್ತಿದ್ದ. ನಾನು ಮೆಟ್ಟಿಲು ಇಳಿಯುವುದನ್ನು ಕಲಿಯುತ್ತಿದ್ದೆ.

ಆಮೇಲೆ ಬೆಂಚಿನಲ್ಲಿ ಕೂತು ಕಲೆಗಳನ್ನು ಹೋಲಿಸಿದೆವು. ಅವನವು ಬರಿ ಚುಕ್ಕಿಗಳು. ನನ್ನದು ಚುಕ್ಕಿಗಳೂ ಹೌದು, ಪಕ್ಕದಲ್ಲೊಂದು ಅರ್ಧ ಆವರಣ ಚಿಹ್ನೆಯೂ ಹೌದು, ಹೇಳಬೇಕಾದ್ದು ಇನ್ನೂ ಉಳಿದಿದೆ ಅನ್ನುವ ಹಾಗೆ.

"ನಿಮ್ಮದು ನೋಡಿದ್ರೆ ಯುದ್ಧಕ್ಕೆ ಹೋಗಿ ಬಂದಂಗಿದೆ, ಮೇಡಂ."

"ನಿಮ್ಮದು ಸೊಳ್ಳೆ ಕಚ್ಚಿದ ಹಾಗಿದೆ."

ನಕ್ಕ. ಪಾದದ ಮೇಲೆ ಒಂದು ಕಡೆ ಇನ್ನೂ ಜುಮ್ಮೆನ್ನುತ್ತದೆ, ಶೂ ಲೇಸು ತಾಗಿದರೂ ಇರುವೆ ಹರಿದಂತೆ, ಹೋಗುತ್ತದೆ ಅಂದಿದ್ದಾರೆ ಎಂದ. ಅಲ್ಲಿಗೆ ನನ್ನ ಕಿಚ್ಚು ಅರ್ಧ ಆರಿತು. ಇನ್ನರ್ಧ ಅವನು ನನ್ನ ಮೆಟ್ಟಿಲ ಪಾಠಕ್ಕೆ ಪಕ್ಕದಲ್ಲಿ ಬಂದು ನಿಂತಾಗ ಆರಿತು. ಅವನ ಮುಂಗೈ ಹಿಡಿದು ಇಳಿದೆ. ಕೊನೆಯ ಮೆಟ್ಟಿಲುಗಳಲ್ಲಿ ಅವನು ಕೈ ಬಿಟ್ಟಿದ್ದನಂತೆ. ಹೆಡ್‌ಮಿಸ್ಸು ಆಮೇಲೆ ಹೇಳಿದಳು.

ಎದುರು ಬಾಲ್ಕನಿಯವಳು ಬೈಯದ ಗಿಡ ದಾಸವಾಳ. ಇವತ್ತು ಕೈಬೀಸಿದಳು.

ಜೂನ್ ೨೦, ಶುಕ್ರವಾರ

ಡಾಕ್ಟರಮ್ಮ ಮತ್ತೆ ಹಿಮ್ಮಡಿ ಹಿಡಿದು ಎಳೆದರು. ಏನೂ ಜರುಗಲಿಲ್ಲ. ಇನ್ನೊಮ್ಮೆ ಎಳೆದರು.

"ಸೆಳೆಖಾನೆ ಮುಚ್ಕೊಂಡಿದೆ" ಎಂದೆ. ಅವರಿಗೆ ಅರ್ಥವಾಗಲಿಲ್ಲ, ಆದರೂ ನಕ್ಕರು. ಪಟ್ಟಿ ಕಟ್ಟಿಕೊಂಡು ಸ್ವಲ್ಪ ಸ್ವಲ್ಪ ಓಡಬಹುದಂತೆ.

ಜುಲೈ ೪, ಶುಕ್ರವಾರ

ಬಸ್ಸಿನಿಂದ ಇಳಿದು ಸ್ಟುಡಿಯೋಕ್ಕೆ ಒಬ್ಬಳೇ ನಡೆದು ಹೋದೆ. ಔಷಧದಂಗಡಿಯವರಿಗೆ ಬಿಳಿ ಮೀಸೆ. ನನ್ನನ್ನು ಕಂಡು "ಬಹಳ ದಿನ ಆಯ್ತು" ಎಂದರು. ಮೀಸೆಯ ಒಂದು ತುದಿ ಇನ್ನೊಂದಕ್ಕಿಂತ ಉದ್ದ. ಹೊಲಿಗೆಯಂಗಡಿಯ ಮೇಲಿನ ಕಿಟಕಿಯಲ್ಲಿ ಬೆಕ್ಕೊಂದು ಕೆಳಗೆ ಹೋಗುವವರನ್ನೆಲ್ಲ ಮಾಲೀಕನಂತೆ ನೋಡುತ್ತಿತ್ತು. ಸ್ಟುಡಿಯೋದ ಬೀದಿಯಲ್ಲಿ ಎರಡು ಮನೆಗಳ ನಡುವೆ ಕಟ್ಟಿದ ಹಗ್ಗದಲ್ಲಿ ಹಳದಿ ಸೀರೆಯೊಂದು ಗಾಳಿಗೆ ಉಬ್ಬಿ ಇಳಿದು ಉಬ್ಬುತ್ತಿತ್ತು. ಅದರ ಲಯಕ್ಕೆ ಹೆಸರು ಹುಡುಕುತ್ತ ಹೋದೆ, ಸಿಗುವಷ್ಟರಲ್ಲಿ ಬಾಗಿಲು ಬಂತು.

ರಾಯರು ಮೆಟ್ಟಿಲಿನ ಸದ್ದಿಗೆಂದು ಇಟ್ಟಿರುವ ಮರದ ಹಂತಗಳನ್ನು ತಾವೇ ಒರೆಸಿ ಇಟ್ಟಿದ್ದರು. ನಿರ್ದೇಶಕಿ ಗಾಜಿನ ಆಚೆ, ಉಗುರು ಕಚ್ಚುತ್ತ.

ಮೊದಲ ಸಲ ಕೆಟ್ಟಿತು. ಕಾಲು ಗಟ್ಟಿಯಿತ್ತು, ಆದರೂ ಅದೇ ಮೂರು, ನಾಲ್ಕು. ಎರಡನೆಯದೂ ಹಾಗೇ.

ರಾಯರು ಮೈಕಿನಲ್ಲಿ ಹೇಳಿದರು: "ಅಕ್ಕ, ಕಾಲು ರಿಪೇರಿ ಆಗಿದೆ. ಅದಕ್ಕೆ ಇನ್ನೂ ಸುದ್ದಿ ಮುಟ್ಟಿಲ್ಲ."

ನಾನು ಇಷ್ಟು ವರ್ಷ ನೋಡುತ್ತಿದ್ದುದು ನಟಿಯ ಪಾದಗಳನ್ನು. ಹೆಜ್ಜೆ ಹೊಂದಿಸಲು ಎಲ್ಲರೂ ಹಾಗೇ ಮಾಡುತ್ತಾರೆ. ಮೂರನೆಯ ಸಲ ಹೆಡ್‌ಮಿಸ್ಸಿನ ದನಿ ಕೇಳಿದಂತಾಗಿ ಕಣ್ಣೆತ್ತಿದೆ. ಗಡಿಯಾರದ ಬದಲು ಆ ಹುಡುಗಿಯ ಮುಖ ಕಂಡಿತು. ಇಷ್ಟು ತಿಂಗಳು ಅವಳ ಚಪ್ಪಲಿ ತೊಟ್ಟರೂ ಅವಳ ಮುಖವನ್ನು ನಾನು ಸರಿಯಾಗಿ ನೋಡಿರಲಿಲ್ಲ. ಬಾಗಿಲಲ್ಲಿ ನಿಂತು ಅವಳು ತುಟಿ ಕಚ್ಚಿಕೊಳ್ಳುತ್ತಾಳೆ, ಆಮೇಲೆ ಅದನ್ನು ಬಿಡುತ್ತಾಳೆ. ಬಿಟ್ಟ ಗಳಿಗೆಯಲ್ಲೇ ಇಳಿದೆ.

ಮುಗಿದ ಮೇಲೆ ರಾಯರು ತಲೆ ತಗ್ಗಿಸಿ ಹೆಡ್‌ಫೋನು ತೆಗೆದಿಟ್ಟರು. ಹಾಳಾಯಿತು ಅಂದುಕೊಂಡೆ. ನಿರ್ದೇಶಕಿ ಬಾಗಿಲು ತಳ್ಳಿಕೊಂಡು ಒಳಗೆ ಬಂದು, "ಮೇಡಂ, ಅವಳು ಹೋಗೇ ಬಿಟ್ಳು" ಎಂದಳು. ಅವಳ ಕಣ್ಣು ಒದ್ದೆಯಾಗಿತ್ತು.

"ಕತ್ತರಿ ಬೇಕಾ, ರಾಯರೇ?" ಎಂದು ಗಾಜಿನ ಕಡೆ ಕೇಳಿದೆ. ಅವರು ಎರಡೂ ಕೈ ಎತ್ತಿ ತೋರಿಸಿದರು. ಖಾಲಿ.

ಚಹಾ ಕುಡಿಯುವಾಗ ರಾಯರು ಕೇಳಿದರು: "ಹೊರಗಿನ ಹೊಸ ಕಲ್ಲು ಹೇಗನ್ನಿಸ್ತು, ಅಕ್ಕ? ಪೈಪು ಮುಚ್ಚಿದ ಮೇಲೆ ಬೀದಿ ತುಂಬ ಉಬ್ಬುತಗ್ಗು ಕಲ್ಲು ಜೋಡಿಸಿಬಿಟ್ಟಿದ್ದಾರೆ. ಎಲ್ರೂ ಎಡವ್ತಾರೆ. ನಾನೇ ಸೋಮವಾರ ಮುಗ್ಗರಿಸಿದೆ. ನಿಮ್ಮನ್ನ ಕರ್ಕೊಂಡು ಬರೋಕೆ ಬಸ್‌ಸ್ಟಾಪಿಗೇ ಬರಬೇಕು ಅಂತಿದ್ದೆ, ಅಷ್ಟರಲ್ಲಿ ನೀವೇ ಬಂದುಬಿಟ್ರಿ."

"ಯಾವ ಕಲ್ಲು?" ಎಂದೆ.

ಅವರು ನನ್ನನ್ನೇ ನೋಡಿದರು. ನನಗೆ ನಿಜವಾಗಿಯೂ ನಾಚಿಕೆಯಾಯಿತು. ನೆಲದ ಸದ್ದೇ ನನ್ನ ಅನ್ನ; ಹೊಸ ನೆಲವೊಂದರ ಮೇಲೆ ಇಡೀ ಬೀದಿ ನಡೆದು ಬಂದೂ ಗಮನಿಸದೆ ಹೋದೆನಲ್ಲ. ಮನೆಯಲ್ಲಿದ್ದು ಇದ್ದು ವೃತ್ತಿಯ ಅಭ್ಯಾಸ ತಪ್ಪಿರಬೇಕು. ವಾಪಸು ಬರುವಾಗಲಾದರೂ ನೋಡಬೇಕೆಂದು ಹೊರಟೆ. ಆದರೆ ಆ ಹಳದಿ ಸೀರೆಯನ್ನು ಒಬ್ಬಳು ಹಗ್ಗದಿಂದ ಎಳೆಯುತ್ತಿದ್ದಳು, ಅದು ಬರಲೊಲ್ಲದು, ಅವಳು ಬಿಡಲೊಲ್ಲಳು. ನೋಡುತ್ತ ಬಂದುಬಿಟ್ಟೆ.

ಎಂಥ ಕಲ್ಲೋ, ನುಣುಪೋ ತರಿಯೋ, ನಾಳೆ ನೆನಪಿಟ್ಟುಕೊಂಡು ನೋಡಬೇಕು.